ಒಂದು ಟನ್ನಿಗೆ ಮುನ್ನೂರು ಮಿಲಿಗ್ರಾಂ

ಆಗಸ್ಟ್ 12, ಬೆಳಿಗ್ಗೆ 9.40. ಹಿರೇಕೊಟ್ನೆಕಲ್‌ನ ಕುರಿ ಸಾಕುವವರ ಸಂಘದ ಅಧ್ಯಕ್ಷೆ ಕರೆಮ್ಮ ಮಾನ್ವಿ ಠಾಣೆಗೆ ಬಂದು ದೂರು ಕೊಟ್ಟಳು. ಸಂಘದ ಹಿಂಡಿ ತಿಂದು ನಲವತ್ತೆರಡು ಕುರಿ ಸತ್ತಿದ್ದವು. ಹಿಂಡಿಗೆ ಚಿಟಿಕೆಗಿಂತ ಕಡಿಮೆ ಬೆರೆಸುವ ಸೆಲೆನಿಯಂ ಎಂಬ ಖನಿಜದ ಪುಡಿ ಮಿತಿಮೀರಿದೆ ಎಂದು ಪಶುವೈದ್ಯರು ಹೇಳಿದ್ದರು. ಹಿಂಡಿ ಕಲಸುವ ವಿನೋದ ಅವಳ ಹಿಂದೆಯೇ ಬಂದು, ಕೇಳುವ ಮೊದಲೇ ಒಪ್ಪಿಕೊಂಡ.

“ತಪ್ಪು ನಂದ ಅದರೀ ಸಾಹೇಬ್ರ. ಮಿಲಿಗ್ರಾಂ ಬದ್ಲಿ ಗ್ರಾಂ ಹಾಕಿರಬೇಕು.”

“ಹಾಕಿದ್ದು ನೆನಪದ?”

“ಇಲ್ರೀ. ಅಧ್ಯಕ್ಷರ ತಮ್ಮ ಕನಕಣ್ಣ ಹಂಗಂದ.”

ಎಫ್‌ಐಆರ್ ದಾಖಲಿಸಿದ ಇನ್ಸ್‌ಪೆಕ್ಟರ್ ಅಯ್ಯಪ್ಪನಿಗೆ ಈ ತಪ್ಪೊಪ್ಪಿಗೆ ಪೂರ್ತಿ ನಂಬಿಕೆ ಹುಟ್ಟಿಸಲಿಲ್ಲ.

ಮಧ್ಯಾಹ್ನ ಹಿಂಡಿ ಕೊಠಡಿಯ ಪಂಚನಾಮೆ. ಅಲ್ಲಿನ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆ ತೂಗುತ್ತಿರಲಿಲ್ಲ. ಟನ್ ಹಿಂಡಿಗೆ ಬೇಕಾದದ್ದು ಮುನ್ನೂರು ಮಿಲಿಗ್ರಾಂ ಪುಡಿ. ಅದಕ್ಕೆ ಕರೆಮ್ಮನ ತಮ್ಮ ಕನಕರಾಯ ವಿನೋದನಿಗೆ ಒಂದು ಉಪಾಯ ಕಲಿಸಿದ್ದ: ಮೂರು ಗ್ರಾಂ ಪುಡಿಯನ್ನು ಕಿಲೋ ತೌಡಿನಲ್ಲಿ ಕಲಸಿ, ಅದರಲ್ಲಿ ನೂರು ಗ್ರಾಂ ತೆಗೆದು ಟನ್ನಿಗೆ ಹಾಕಬೇಕು.

“ವಿನೋದಗ ಏನೂ ಮಾಡಬ್ಯಾಡ್ರಿ, ಪಾಪ,” ಎಂದ ಕನಕರಾಯ. “ಸಾವಿರದ ಲೆಕ್ಕ ತಪ್ಪ್ಯಾನ, ಅಷ್ಟ.”

ಆಗಸ್ಟ್ 17ರಂದು ಪ್ರಯೋಗಾಲಯದ ವರದಿ ಬಂತು. ಟನ್ನಿಗೆ ಮುನ್ನೂರು ಗ್ರಾಂ. ಸರಿಯಾಗಿ ಸಾವಿರ ಪಟ್ಟು. ಇನ್ನೇನು, ಪ್ರಕರಣ ಮುಗಿಯಿತು ಎಂದರು ಠಾಣೆಯಲ್ಲಿ. ಕಾನ್‌ಸ್ಟೇಬಲ್ ಜೈಬುನ್ನೀಸಾ ಮಾತ್ರ ಜಪ್ತಿ ಮಾಡಿದ ಸೀಸೆಯನ್ನೇ ತಿರುಗಿಸಿ ನೋಡುತ್ತಿದ್ದಳು.

“ಸರ್, ಇದು ಇಪ್ಪತ್ತೈದು ಗ್ರಾಂ ಸೀಸೆ. ಇನ್ನೂ ಇಪ್ಪತ್ತೆರಡು ಗ್ರಾಂ ಒಳಗ ಅದ. ಸಂಘ ಕೊಂಡಿದ್ದು ಇದೊಂದ, ಕಲಸಿದ್ದು ಒಂದ ಟನ್. ಮುನ್ನೂರು ಗ್ರಾಂ ಹಾಕಾಕ ಹನ್ನೆರಡು ಸೀಸೆ ಬೇಕಲ್ರೀ?”

ಬಡಪಾಯಿ ವಿನೋದ ಮೂರೇ ಗ್ರಾಂ ತೆಗೆದಿದ್ದ. ಲೆಕ್ಕ ತಪ್ಪಿರಲೇ ಇಲ್ಲ. ಮೊದಲ ದಿನವೇ ಸೀಸೆ ನೋಡದ ತನ್ನ ಮೇಲೆಯೇ ಅಯ್ಯಪ್ಪನಿಗೆ ಸಿಟ್ಟು ಬಂತು. ವರದಿ ಬರುವ ಮೊದಲೇ ಸಾವಿರದ ಲೆಕ್ಕ ಹೇಳಿದವನೊಬ್ಬನಿದ್ದ.

ಸೀಸೆ ಮಾರಿದ್ದ ರಾಯಚೂರಿನ ಪಶು ಔಷಧಿ ಅಂಗಡಿಯ ಅಮೀರ್ ಸಾಬ್, ಅಯ್ಯಪ್ಪ ತೋರಿಸಿದ ಫೋಟೊ ನೋಡಿದ. “ಇವರಽ. ಒಂಬತ್ತನೇ ತಾರೀಕು ಹನ್ನೆರಡು ಸೀಸೆ ಒಯ್ದ್ರು.” ಫೋಟೊ ಕನಕರಾಯನದು.

ಆಗಸ್ಟ್ 18, ಬೆಳಿಗ್ಗೆ 11.15ಕ್ಕೆ ಬಂಧನ.

“ಲೆಕ್ಕ ಕಲಿಸಿದವ ನಾನು,” ಎಂದ ಕನಕರಾಯ. “ಅಕ್ಕ ಕೊಠಡಿ ಬೀಗದಕೈ ವಿನೋದನ ಕೈಗೆ ಕೊಟ್ಲು, ನನಗಲ್ಲ.” ಕಲಸಲು ಕೈಜೋಡಿಸುವ ನೆಪದಲ್ಲಿ ಹೋಗಿ ಪುಡಿ ಸುರಿದಿದ್ದ. ವಿನೋದನ ತಪ್ಪೆಂದೇ ಕಾಣಲಿ ಎಂದು ಸಾವಿರ ಪಟ್ಟು ಅಳೆದಿದ್ದ.

ವಿನೋದ ಬಾಗಿಲಲ್ಲಿ ನಿಂತಿದ್ದ.

“ಅಣ್ಣಾ, ಸತ್ತ ಕುರಿ ಹೂಳಿಕೋತ ನಾ ಅಳಾಕತ್ತಿದ್ದೆ. ನೀ ಬಾಜೂಕ ಕುಂತು ನೀರು ಕುಡಿಸಿದಿ.”

ಬಂಧನದ ಪತ್ರದಲ್ಲಿ ಆರೋಪಿಯ ಸಂಬಂಧಿಕರ ಸಹಿ ಬೇಕಿತ್ತು. ಕರೆಮ್ಮ ಪೆನ್ನು ತೆಗೆದುಕೊಂಡು ತಮ್ಮನ ಹೆಸರಿನ ಕೆಳಗೆ ಸಹಿ ಹಾಕಿದಳು. ದೂರಿನ ಕೆಳಗೂ ಅವಳದೇ ಸಹಿ ಇತ್ತು.