ಮೂರು ಸೂಜಿ

ನಟರಾಜುವಿಗೆ ಧೈರ್ಯವಿರಲಿಲ್ಲ. ರೇಷ್ಮೆ ಹುಳು ಸಾಕುವ ಇಪ್ಪತ್ತೇಳರ ಗಂಡಸು ಸೂಜಿ ಕಂಡು ಗಟ್ಟಿಯಾಗಿ ಕಣ್ಣು ಮುಚ್ಚಿದ್ದ.

ಚನ್ನಪಟ್ಟಣದ ಹತ್ತಿರದ ಅಕ್ಕೂರಿನ ಶಾಲೆಯ ಜಗಲಿ. ಎದುರಿಗಿದ್ದವಳು ಶ್ವೇತ, ಮಾಗಡಿಯ ಹುಡುಗಿ. ಲಿವರ್ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಹೆಪಟೈಟಿಸ್ ಬಿ ವೈರಸ್ಸಿನ ಎದುರು ಕೆಲವರ ದೇಹ ಕಾದಾಡುತ್ತದೆ, ಕೆಲವರದು ಸುಮ್ಮನಿರುತ್ತದೆ. ಯಾಕೆ? ಅದೇ ಅವಳ ಪ್ರಶ್ನೆ.

"ಕೈ ಸಡಿಲ ಬಿಡಿ."

"ಬುಟ್ಟಿದೀನಲ್ಲ ಮೇಡಂ!"

"ಇದಾ ಬುಟ್ಟಿರೋದು? ಮುಷ್ಟಿ ಕಲ್ಲಾದಂಗೈತೆ!"

ಅವನು ಥಟ್ಟನೆ ಕಣ್ಣು ಬಿಟ್ಟ. "ಓಹೋ... ನೀವೂ ನಮ್ ಕಡೆಯೋರೇಯಾ?"

ಅಷ್ಟರಲ್ಲಿ ರಕ್ತ ತೆಗೆದಾಗಿತ್ತು. ಅವನಿಗೆ ಗೊತ್ತೇ ಆಗಲಿಲ್ಲ!

ಮೂರು ತಿಂಗಳಿಗೊಮ್ಮೆ ಅವಳು ಬರುತ್ತಿದ್ದಳು. ಹುಳಕ್ಕೆ ರೋಗ ತಂದಾರೆಂದು ಗುರುತಿಲ್ಲದವರನ್ನು ಹುಳು ಮನೆಯ ಹತ್ತಿರಕ್ಕೂ ಬಿಡದ ಜನ, ನಟರಾಜು ಜೊತೆಗಿದ್ದರೆ ಅಂಗಳಕ್ಕೆ ಬಂದು ರಕ್ತ ಕೊಡಲು ಕೈ ಚಾಚುತ್ತಿದ್ದರು. ಹಾಗಾಗಿ ಅವನ ಬೈಕೇ ಅವಳ ಗಾಡಿಯಾಯಿತು. ಇಬ್ಬರ ನಡುವೆ ಸದಾ ರಕ್ತದ ಸ್ಯಾಂಪಲ್ಲಿನ ಐಸ್ ಬಾಕ್ಸ್. ದಾರಿಯಲ್ಲಿ ಹಿಪ್ಪುನೇರಳೆ ಹಣ್ಣು ಕಿತ್ತು ತಿಂದು, ಇಬ್ಬರ ನಾಲಿಗೆಗೂ ಬಣ್ಣ. ಆ ದಿನಗಳಲ್ಲಿ ಅವರಿಗೆ ಬೇರೇನೂ ಬೇಕಿರಲಿಲ್ಲ.

"ಈ ಡಬ್ಬ ಮದುವೆಗೂ ತತ್ತೀಯಾ?" ಒಂದು ದಿನ ಅವನೇ ಕೇಳಿದ್ದ.

"ಯಾರ ಮದುವೆಗೆ?"

"ನಂದು. ಡಬ್ಬ ಹಿಡ್ಕಂಡಿರೋಳ ಜೊತೆ."

ಅವಳು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಒಸಿ ಮುಂದಕ್ಕೆ ಸರಿದಳು. ಅದೇ ಉತ್ತರವಾಗಿತ್ತು...

ಆಮೇಲೆ ವರದಿಗಳು ಬಂದವು. ಲ್ಯಾಬಿನಲ್ಲಿ ಹೆಸರಿರುತ್ತಿರಲಿಲ್ಲ, ನಂಬರ್ ಮಾತ್ರ. ಯಾರದು ಏನು ಎಂಬುದು ಶ್ವೇತಳಿಗೂ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯಿಂದ ಮುಚ್ಚಿದ ಲಕೋಟೆ ನೇರ ಅವರವರ ಕೈಗೆ.

ಅದೇ ವಾರ, ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ನಟರಾಜು ನೆಲ ನೋಡುತ್ತಾ ಹೇಳಿದ. "ಮನೇಲಿ ಬ್ಯಾರೆ ಹೆಣ್ಣು ಗೊತ್ತು ಮಾಡವ್ರೆ. ಇನ್ ಮ್ಯಾಲೆ ಬರಬ್ಯಾಡ."

'ನನ್ನಲ್ಲೇನು ಕಮ್ಮಿ?' ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಬಸ್ಸು ಹತ್ತಿ ಬಿಡದಿ ದಾಟುವವರೆಗೂ ಅತ್ತಳು.

ಎಂಟು ವರ್ಷ ಕಳೆಯಿತು.

ಅವಳ ಸಂಶೋಧನೆ ಮುಗಿಯಿತು, ಮದುವೆ ಮಾತ್ರ ಆಗಲಿಲ್ಲ. ಹುಟ್ಟುವಾಗ ತಾಯಿಯಿಂದ ಬಂದ ವೈರಸ್ಸನ್ನು ದೇಹ ವರ್ಷಗಟ್ಟಲೆ ಸುಮ್ಮನೆ ಸಹಿಸುತ್ತದೆ, ಒಳಗೆ ಲಿವರ್ ಹಾಳಾಗುತ್ತಿದ್ದರೂ ಹೊರಗೆ ತಿಳಿಯುವುದಿಲ್ಲ ಎಂದು ಆ ಹಳ್ಳಿಗಳ ರಕ್ತವೇ ತೋರಿಸಿಕೊಟ್ಟಿತ್ತು. ಅದರಿಂದ ತಾಲ್ಲೂಕಿನಲ್ಲಿ ಒಂದು ಪದ್ಧತಿ ಬದಲಾಯಿತು. ಒಬ್ಬರಿಗೆ ಪಾಸಿಟಿವ್ ಬಂದರೆ ಇಡೀ ಮನೆಗೆ ಪರೀಕ್ಷೆ.

ಅದರ ಮೊದಲ ಶಿಬಿರ ಚನ್ನಪಟ್ಟಣದಲ್ಲಿ. ಶ್ವೇತಳೇ ಬಂದಿದ್ದಳು. ಆಶಾ ಕಾರ್ಯಕರ್ತೆ ಮಾರಕ್ಕ ಒಬ್ಬನನ್ನು ತೋಳು ಹಿಡಿದು ಎಳೆತಂದಳು.

"ನೋಡಿ ಮೇಡಂ, ಮೂರು ಸಲ ಕರೆದ್ರೂ ತಪ್ಪಿಸ್ಕಂಡವ್ನೆ! ಕೇಳಿದ್ರೆ ಹುಳ ಹಣ್ಣಾಗವೆ, ಗೂಡು ಕಟ್ಟೋ ಹೊತ್ತು ಅಂತಾನೆ."

ನಟರಾಜು! ಕಿವಿಯ ಬಳಿ ಕೂದಲು ನರೆತಿತ್ತು. ಮಾರಕ್ಕ ಮುಂದಿನವರನ್ನು ಕರೆಯಲು ಹೋದಳು.

"ಹೆಂಡ್ತಿ ಬಂದಿಲ್ವಾ?" ಶ್ವೇತ ಕೇಳಿದಳು.

"ಇಲ್ಲ."

"ಗೊತ್ತು ಮಾಡಿದ್ರಲ್ಲ, ಆ ಹೆಣ್ಣು?"

"ಯಾವ ಹೆಣ್ಣೂ ಇರಲಿಲ್ಲ ಶ್ವೇತ... ಅವತ್ತಿನ ಲಕೋಟೇಲಿ ಪಾಸಿಟಿವ್ ಅಂತಿತ್ತು. ಹುಳಕ್ಕೆ ರೋಗ ಬಂದ್ರೆ ನಾವೇನ್ ಮಾಡ್ತೀವಿ? ತಟ್ಟೆಯಿಂದ ಆರಿಸಿ ಆಚೆ ಹಾಕ್ತೀವಿ, ಮಿಕ್ಕಿದ್ದು ಉಳಕಳ್ಳಿ ಅಂತ. ನನ್ನ ನಾನೇ ಆರಿಸಿ ಹಾಕ್ಬುಟ್ಟೆ."

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು.

"ಎಂಥ ದಡ್ಡನೋ ನೀನು! ದಿನಾ ಅದೇ ರಕ್ತ ಮುಟ್ಟೋಳು ನಾನು. ಲ್ಯಾಬ್ ಸೇರೋಕೆ ಮೊದ್ಲೇ ಮೂರು ಸೂಜಿ ಹಾಕಿಸ್ಕೊಂಡಿದ್ದೆ. ಹುಳಕ್ಕೆ ಲಸಿಕೆ ಇಲ್ಲ, ನಂಗಿತ್ತು! ನಿನ್ನಿಂದ ನಂಗೆ ಬತ್ತಿರಲಿಲ್ಲ. ಒಂದು ಮಾತು ಕೇಳಬಾರದಿತ್ತಾ?"

"ಹಂಗಂದ್ರೆ... ಆಗ್ಲೇ ಮದುವೆ ಆಗಬೋದಿತ್ತಾ?"

"ಆಗಬೋದಿತ್ತು."

ಅವನು ಬೆಂಚಿನ ಮೇಲೆ ಕೂತ. 'ಇವನೊಬ್ಬನೇ ಇದನ್ನ ಇಷ್ಟು ವರ್ಷ ಹೊತ್ತನಲ್ಲ...' ಅವಳ ಸಿಟ್ಟು ಇಳಿಯಿತು.

"ಮನೇಲಿ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ."

"ಅವ್ವಂಗೆ?"

ಅವನ ತಾಯಿ ಬೈರಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಲಿವರ್ ಹೋಗಿದೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ತಡವಾಗಿತ್ತು. ಅವಳಿಗೂ ಇದೇ ವೈರಸ್.

"ಅವತ್ತೇ ಲಕೋಟೆ ತೋರ್ಸಿದ್ರೆ... ಅವ್ವ ಉಳೀತಿದ್ಲಾ?"

ಸುಳ್ಳು ಹೇಳಬಹುದಿತ್ತು. ಶ್ವೇತ ಹೇಳಲಿಲ್ಲ.

"ಉಳೀಬೋದಿತ್ತು. ದಿನಕ್ಕೊಂದು ಮಾತ್ರೆ."

ಅವನು ಮುಖ ಮುಚ್ಚಿಕೊಂಡು ಅತ್ತ. ಸಾಲಿನಲ್ಲಿದ್ದವರು ನೋಡುತ್ತಿದ್ದರು. ಶ್ವೇತ ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು. ಬಿಡಲಿಲ್ಲ.

"ಇಷ್ಟಾದ ಮ್ಯಾಲೂ ನನ್ನ ಕಟ್ಕತೀಯಾ?"

"ಆರು ತಿಂಗಳಿಗೊಂದು ಸಲ ಟೆಸ್ಟ್ ಮಾಡಿಸ್ಕೋತೀಯಾ?"

"ಹೂಂ."

"ಡಾಕ್ಟರು ಮಾತ್ರೆ ಬರೆದ್ರೆ?"

"ನುಂಗ್ತೀನಿ."

"ನನ್ನ ಕೇಳದೆ ನನಗೋಸ್ಕರ ತೀರ್ಮಾನ?"

"ಇನ್ ಮಾಡಕ್ಕಿಲ್ಲ ಕಣೇ."

"ಹಂಗಾದ್ರೆ ಕಟ್ಕೋತೀನಿ."

ಒಂದು ಮಾತು ಆಡದ್ದಕ್ಕೆ ಹೋದದ್ದು ಎಂಟು ವರ್ಷ, ಒಬ್ಬಳು ತಾಯಿ.