ತಾರಸಿಯಿಂದ ಮಾಯವಾದ ಸೋಲಾರ್

“‘ನೀವೇ ಮಾರ್ಕೊಂಡು ಕಳ್ಳ ಬಂದ ಅಂತೀರಾ?’ ಅಂದುಬಿಟ್ರಮ್ಮ ಬೀದೀಲಿ ನಿಂತು ಈ ತೆರಿಗೆ ಸಾಹೇಬ್ರು! ನಾನು ಮಾರ್ತೀನಾ? ಬೀದಿಗೇ ಮೊದಲ ಸೋಲಾರು ನಂದು!” ಟೈಲರಮ್ಮ ದೂರಿದಳು.

ಪೊಲೀಸ್ ಇನ್‌ಸ್ಪೆಕ್ಟರಮ್ಮ ತಾರಸಿಯ ಸುತ್ತ ನೋಡಿದಳು. ಖಾಲಿ. ಟೈಲರಮ್ಮ ನಿನ್ನೆ ತಂಗಿಯ ಮನೆಗೆ ಹೋಗಿದ್ದಳು. ಇಂದು ಸೋಲಾರಿನ ತೆರಿಗೆ ಕ್ರೆಡಿಟ್ ತಪಾಸಣೆಗೆ ಬಂದ ಅಧಿಕಾರಿಯ ಜತೆ ಮೇಲೆ ಹತ್ತಿದರೆ ಎರಡೂ ಪ್ಯಾನೆಲ್ ಮಾಯ.

“ಕ್ರೆಡಿಟ್ ಅಂದ್ರೆ ಆದಾಯದಲ್ಲಿ ಒಂದಿಷ್ಟು ಬಿಡೋದಲ್ವಾ?” ಇನ್‌ಸ್ಪೆಕ್ಟರಮ್ಮ ಕೇಳಿದಳು.

“ಅದು ವಿನಾಯಿತಿ ಕಣಮ್ಮ. ಇದು ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಳೆಯೋದು. ಸೋಲಾರಿನ ಖರ್ಚಲ್ಲಿ ಒಂದು ಪಾಲು ನನ್ನ ತೆರಿಗೆಯಿಂದ ಇಳೀತು. ಈಗ ಅದೆಲ್ಲ ವಾಪಸ್ಸು, ಮೇಲೆ ದಂಡ. ದಂಡ ಸಾಯ್ಲಿ, ಸುಳ್ಳಿ ಅನ್ನಿಸ್ಕೊಂಡು ಯಾರ ಅಳತೆ ತಗೊಳ್ಳಲಿ?”

ಇನ್‌ಸ್ಪೆಕ್ಟರಮ್ಮ ಬಗ್ಗಿದಳು. ವೈರಿನ ತುದಿಗೆ ನೀಟಾಗಿ ಟೇಪು. ಬೋಲ್ಟು ಬಿಚ್ಚಿದ ತೂತುಗಳಿಗೆ ಡಾಂಬರು.

* * *

ಮೊದಲ ಅನುಮಾನ ಗುಜರಿ ಮಾಮನ ಮೇಲೆ.

“ನಾನು ಕದ್ದಿದ್ರೆ ವೈರು ಬಿಡ್ತಿದ್ನಾ ತಾಯಿ? ತಾಮ್ರ ಅದು!” ಮಾಮನಿಗೆ ನಿಜಕ್ಕೂ ಅವಮಾನವಾಗಿತ್ತು.

ಮಾತು ಸರಿಯಾಗಿತ್ತು.

* * *

ಸೋಲಾರ್ ಹಾಕಿದ್ದ ಫಿಟ್ಟರ್ ಅಂಗಡಿಯಲ್ಲೇ ಇದ್ದ. ಟೈಲರಮ್ಮ, ಅಧಿಕಾರಿ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ಇನ್‌ಸ್ಪೆಕ್ಟರಮ್ಮ ಒಳಹೊಕ್ಕಳು.

“ಟೈಲರಮ್ಮನ ತಾರಸಿ ಸೋರ್ತಿದೆಯಂತಲ್ಲಪ್ಪ. ನಿನ್ನ ಬೋಲ್ಟಿನ ತೂತಿಂದ.”

“ಸೋರೋದಾ? ನಾನು ಮುಚ್ಚಿದ ತೂತು? ಎರಡೆರಡು ಕೈ ಡಾಂಬರು ಬಳಿದಿದ್ದೀನಿ ಮೇಡಂ!”

“ಬೋಲ್ಟ್ ಕೂತಿರೋ ತೂತನ್ನ ಯಾಕೆ ಮುಚ್ಚಿದೆ?”

ಫಿಟ್ಟರ್ ಡಾಂಬರಿನ ಡಬ್ಬಿಯನ್ನು ಕಾಲಿನಿಂದ ಬೆಂಚಿನಡಿ ತಳ್ಳಿದ.

“ಕಳ್ಳ ವೈರು ಕತ್ತರಿಸ್ತಾನೆ. ಟೇಪು ಸುತ್ತೋದು, ಬೇರೆಯವರ ಮನೆ ಸೋರದಂಗೆ ನೋಡ್ಕೊಳೋದು ಕಸುಬುದಾರ. ಪ್ಯಾನೆಲ್ ಎಲ್ಲಿ?”

“ಹೊಸ ಗಿರಾಕಿ ಮನೇಲಿ...” ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. “ವರ್ಷ ಮುಗಿಯೋದ್ರೊಳಗೆ ಹಾಕದಿದ್ರೆ ಅವರಿಗೆ ಈ ವರ್ಷದ ಕ್ರೆಡಿಟ್ ಸಿಗ್ತಿರಲಿಲ್ಲ. ಮಾಲು ಬರಲಿಲ್ಲ. ಬಂದ ತಕ್ಷಣ ಅಕ್ಕಂಗೆ ಹೊಸದೇ ಹಾಕ್ತಿದ್ದೆ. ತಪಾಸಣೆ ಇಷ್ಟು ಬೇಗ ಬರುತ್ತೆ ಅಂತ ಯಾರಿಗೆ ಗೊತ್ತು?”

ಅಧಿಕಾರಿ ಟೈಲರಮ್ಮನತ್ತ ನೋಡಿದರು. “ನಿಮ್ಮ ಕ್ರೆಡಿಟ್ ನಿಮ್ಮದೇ ಅಮ್ಮ. ನನ್ನ ಮಾತು ತಪ್ಪಾಯ್ತು.”

“ಬೀದೀಲಿ ಅಂದ್ರಿ, ಬೀದೀಲೇ ಹೇಳಿ,” ಎಂದಳು ಟೈಲರಮ್ಮ, ಎದೆ ಸೆಟೆಸಿ. ಅಧಿಕಾರಿ ಹೊರಬಂದು, ಸೇರಿದ್ದ ಅಷ್ಟೂ ಜನರ ಮುಂದೆ ಗಟ್ಟಿಯಾಗಿ ಹೇಳಿದರು. ಆಮೇಲೆ ಅವಳು ಫಿಟ್ಟರನತ್ತ ತಿರುಗಿದಳು. “ಕಳ್ಳ ನನ್ಮಗನೆ, ಕೆಲಸ ಮಾತ್ರ ಅಚ್ಚುಕಟ್ಟು ಕಣೋ!”

“ಮತ್ತೆ? ಯಾರ ಕೈ ಅಕ್ಕ ಇದು!”

ಪೊಲೀಸ್ ಜೀಪು ಹತ್ತುವಾಗ ಅದರ ಬಾಗಿಲ ಹಿಡಿ ಅಲುಗಾಡಿತು. ಫಿಟ್ಟರ್ ನಿಂತ. ಸಡಿಲವಾಗಿದ್ದ ಸ್ಕ್ರೂವನ್ನು ಉಗುರಿನಿಂದಲೇ ಬಿಗಿ ಮಾಡಿ, ಒಳಗೆ ಹೋಗಿ ಕೂತ.