ಅರ್ಧ ಎದ್ದು ಕೂತವಳು

"ಆ ಕ್ಯಾಸೆಟ್ ಯಾಕ್ರೀ ತಗೋತೀರಾ? ಪಾಪ, ಆಕೆಗೆ ಜೀವಮಾನದಲ್ಲಿ ಒಂದು ಆಸ್ಕರ್ ಬರ್ಲಿಲ್ಲ!"

ಬಗ್ಗಿ ಕೂತಿದ್ದ ಸುಪ್ರೀತಾ ಗಕ್ಕನೆ ತಲೆ ಎತ್ತಿದಳು.

1992ರ ಜನವರಿ. ಸಿಡ್ನಿಯ ಪ್ಯಾರಮಟ್ಟಾದ ಒಂದು ವಿಡಿಯೋ ಅಂಗಡಿ. ಪ್ರಶಸ್ತಿ ಬಂದ ಚಿತ್ರಗಳಿಗೆ ಬಾಗಿಲ ಹತ್ತಿರ ಮಿಂಚುವ ಕಪಾಟು. ಬರದ ಹಳೆಯ ಕಪ್ಪು-ಬಿಳುಪು ಹಾಲಿವುಡ್ ಚಿತ್ರಗಳಿಗೆ ಕೊನೆಯ ಮೂಲೆ, ನೆಲದ ಸಾಲು. ಅಲ್ಲಿ ಯಾರೋ ಚೆಲ್ಲಿದ ಕೋಕ್ ಕಾರ್ಪೆಟ್ಟಿನಿಂದ ಚಪ್ಪಲಿಗೆ ಅಂಟುತ್ತಿತ್ತು. ತಾನು ಪೂಜಿಸುವ ನಟಿಯನ್ನು ಆ ಕೊಳಕಿನಲ್ಲಿ ಹುಡುಕಬೇಕಾಯಿತಲ್ಲ ಎಂದು ಸುಪ್ರೀತಾಳಿಗೆ ಮೊದಲೇ ಹೇಸಿಗೆಯಾಗಿತ್ತು. 'ಅಬ್ಬಾ, ಸಿಕ್ಕಿದಳು!' ಎಂದು ಕನ್ನಡದಲ್ಲಿ ಗೊಣಗಿದ್ದೇ ತಪ್ಪಾಯಿತು. ಹಿಂದೆ ನಿಂತವನು ಕನ್ನಡಿಗನಾಗಿಬಿಟ್ಟ!

"ಛೀ! ಕೈಯಲ್ಲಿ ಚಿನ್ನದ ಬೊಂಬೆ ಇದ್ರೆ ಮಾತ್ರ ನಟಿಯಾ? ಎಂತ ಜನ ಮಾರಾಯ್ರೆ ನೀವು!"

"ಅಯ್ಯೋ, ತಮಾಷೆ ಮಾಡ್ದೆ ಕಣ್ರೀ! ನಾನೂ ಅದೇ ಕ್ಯಾಸೆಟ್‌ಗೆ ಬಂದಿದ್ದು. ನೀವು ಮೊದಲು ತಗೊಂಡ್ರಿ, ಹೊಟ್ಟೆ ಉರೀತು."

ಅವನು ತ್ರಿವಿಕ್ರಮ. ಮೈಸೂರಿನವನು, ಮೆಲ್ಬೋರ್ನ್‌ನಲ್ಲಿ ಎಂಜಿನಿಯರ್, ಕಂಪನಿ ಕೆಲಸದ ಮೇಲೆ ಯುಗಾದಿಯವರೆಗೆ ಸಿಡ್ನಿಯಲ್ಲಿದ್ದ. ಅವಳು ಉಡುಪಿಯವಳು. ಅಲ್ಲೇ ಹತ್ತಿರದ ಟೂಂಗಾಬಿಯಲ್ಲಿ ರೆಂಟಿಗಿದ್ದು ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದಳು.

ಆಮೇಲಿನ ಶನಿವಾರಗಳೆಲ್ಲ ಕ್ಯಾಸೆಟ್ ಬದಲಾಯಿಸುವುದರಲ್ಲೇ ಕಳೆದವು. ಜೊತೆಗೆ ಕಾಫಿ... ಜೊತೆಗೆ ಜಗಳ!

"ಜೀವಮಾನ ಇಡೀ ಮರೆತು, ನಡೆಯಲಿಕ್ಕೂ ಆಗದ ವಯಸ್ಸಿಗೆ ಕರೆದು ಗೌರವ ಪ್ರಶಸ್ತಿ ಕೊಡ್ತಾರಲ್ಲ, ಅದು ನೋಡಿದ್ರೆ ನಂಗೆ ವಾಕರಿಕೆ ಬರ್ತದೆ," ಎನ್ನುತ್ತಿದ್ದಳು. "ಇದ್ದಾಗ ಗಂಜಿ ಹಾಕದವರು ತಿಥಿಗೆ ಹೋಳಿಗೆ ಮಾಡಿದ ಹಾಗೆ!"

ಅವನು ನಗುತ್ತಿದ್ದ. ಆ ನಗು ಅವಳಿಗೆ ಯಾವಾಗ ಬೇಕೆನಿಸತೊಡಗಿತೋ ಅವಳಿಗೇ ಗೊತ್ತಾಗಲಿಲ್ಲ. ಟಿವಿಯಿಂದ ತಾನೇ ರೆಕಾರ್ಡ್ ಮಾಡಿಕೊಂಡ, ಯಾರಿಗೂ ಮುಟ್ಟಲು ಬಿಡದ ಕ್ಯಾಸೆಟ್ಟನ್ನು ಅವನ ಕೈಗಿಟ್ಟ ದಿನ, 'ಸುಪ್ರೀತಾ, ನೀನು ಮುಳುಗಿದೆ ಮಾರಾಯ್ತಿ' ಎಂದು ತನಗೆ ತಾನೇ ಹೇಳಿಕೊಂಡಳು.

ಯುಗಾದಿಗೆ ಕನ್ನಡ ಸಂಘದ ನಾಟಕ ಸ್ಪರ್ಧೆ. ಹಳೆಯ ಹಾಲಿವುಡ್ ನಟಿಯೊಬ್ಬಳ ಕುರಿತು ಸುಪ್ರೀತಾ ತಾನೇ ಬರೆದ ಏಕವ್ಯಕ್ತಿ ನಾಟಕವಿತ್ತು. ಅವಳು ಅದನ್ನು ಬರೆದದ್ದು ಬಹುಮಾನಕ್ಕಲ್ಲ. ಅವನೊಬ್ಬ ನೋಡಲಿ ಎಂದು.

ಅಂದು ಬೆಳಿಗ್ಗೆ ಜಡ್ಜ್ ಒಬ್ಬರು ಬರಲಿಲ್ಲ. ಸಂಘದ ಕಾರ್ಯದರ್ಶಿ ಬದರಿನಾಥ ಅಂಕಲ್ ಸಿನಿಮಾ ತಿಳಿದವನೆಂದು ತ್ರಿವಿಕ್ರಮನನ್ನೇ ಎಳೆದು ಕೂರಿಸಿದರು. ಆಮೇಲೆ ಮೈಕ್ ಹಿಡಿದರು.

"ಹೋದ್ವರ್ಷ ಜಡ್ಜ್ ಒಬ್ರು ತಮ್ಮ ಮಗಳಿಗೇ ಫಸ್ಟ್ ಪ್ರೈಜ್ ಕೊಟ್ಟು ಎಷ್ಟು ರಾದ್ಧಾಂತ ಆಯ್ತು ಗೊತ್ತಲ್ಲ? ಈ ಸಲ ರೂಲ್ ಮಾಡಿದೀವಿ. ತಮ್ಮ ಮನೆಯವರು ಸ್ಟೇಜ್ ಮೇಲೆ ಬಂದಾಗ ಜಡ್ಜ್ ಎದ್ದು ಹೊರಗೆ ಹೋಗ್ಬೇಕು!"

ಸಭೆ ನಕ್ಕಿತು. ತೆರೆಯ ಹಿಂದೆ ಪೌಡರ್ ಹಚ್ಚಿಕೊಳ್ಳುತ್ತಿದ್ದ ಸುಪ್ರೀತಾಳೂ ನಕ್ಕಳು.

ಅವಳ ಸರದಿ ಬಂತು. ದೀಪ ಹತ್ತಿತು. ಮೊದಲ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ... ಮುಂದಿನ ಸಾಲಿನಿಂದ ತ್ರಿವಿಕ್ರಮ ಎದ್ದ. ತಲೆ ತಗ್ಗಿಸಿ, ನೆಟ್ಟಗೆ ಬಾಗಿಲ ಕಡೆ ನಡೆದುಬಿಟ್ಟ!

'ನನ್ನ ನಾಟಕ ನೋಡಲಿಕ್ಕೂ ಆಗಲಿಲ್ಲವಾ ಇವನಿಗೆ?'

ಅವಳ ಊರಲ್ಲಿ ಯಕ್ಷಗಾನದ ಆಟದ ನಡುವೆ ಎದ್ದು ಹೋಗುವುದೆಂದರೆ ಕಲಾವಿದನ ಮುಖಕ್ಕೆ ಉಗಿದಂತೆ. ಹೇಗೆ ಮುಗಿಸಿದಳೋ ದೇವರಿಗೇ ಗೊತ್ತು.

ಉಳಿದ ಇಬ್ಬರು ಜಡ್ಜ್‌ಗಳಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಇನ್ನೊಬ್ಬರ ಕಣ್ಣು ಕೇಸರಿಬಾತಿನ ಕಡೆಗಿತ್ತು. ಬಹುಮಾನ ಘೋಷಿಸುವಾಗ 'ಸು...' ಎಂದು ಕೇಳಿಸಿದ್ದೇ ತಡ, ಸುಪ್ರೀತಾ ಕುರ್ಚಿಯಿಂದ ಅರ್ಧ ಎದ್ದಳು.

ಸುಗುಣಾ ಆಂಟಿ! ಊಟದ ಖರ್ಚು ವಹಿಸಿಕೊಂಡವರ ಹೆಂಡತಿ. ಪ್ಲಾಸ್ಟಿಕ್ ಕಿರೀಟ ಹಾಕಿಕೊಂಡು, ಮಾತು ಮರೆತು, ಸ್ಟೇಜ್ ಮೇಲೇ ನಕ್ಕವರು!

ಎದ್ದ ಸುಪ್ರೀತಾ ಸೆರಗು ಸರಿಮಾಡಿಕೊಂಡವಳಂತೆ ಮತ್ತೆ ಕೂತು ಚಪ್ಪಾಳೆ ತಟ್ಟಿದಳು. ಸಂಘದ ಮೇಲೆ, ಆ ಬಹುಮಾನದ ಕಪ್ಪಿನ ಮೇಲೆ, ತ್ರಿವಿಕ್ರಮನ ಮೇಲೆ ಅಸಹ್ಯ ಉಕ್ಕಿ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಅರ್ಧ ಎದ್ದ ತನ್ನ ಮೇಲೆಯೇ. ಯಾವುದಕ್ಕೆ ಛೀ ಎನ್ನುತ್ತಿದ್ದಳೋ ಅದಕ್ಕೇ ಕೈ ಚಾಚಿದ್ದಳು!

ಮಾತಾಡಿಸಲು ಬಂದವನ ಕಡೆ ಅವಳು ತಿರುಗಿ ನೋಡಲಿಲ್ಲ. ಮರುದಿನ ಅವನು ಮೆಲ್ಬೋರ್ನಿಗೆ ಹೊರಟುಹೋದ. ಫೋನ್ ಮಾಡಿದಾಗಲೆಲ್ಲ ಅವನ ದನಿ ಕೇಳಿ ಇಟ್ಟುಬಿಟ್ಟಳು. ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಬದರಿನಾಥ ಅಂಕಲ್‌ಗೂ ಹೇಳಿದಳು.

ಆಗಸ್ಟಿನಲ್ಲಿ ಲ್ಯಾಬ್‌ನವರು ಟ್ರೈನಿಂಗಿಗೆಂದು ಅವಳನ್ನು ಮೆಲ್ಬೋರ್ನಿಗೇ ಕಳಿಸಬೇಕೇ! 'ನನ್ನ ಕ್ಯಾಸೆಟ್ ಇಸ್ಕೊಂಡು ಬರ್ತೇನೆ, ಅಷ್ಟೇ,' ಎಂದು ಹಲ್ಲು ಕಚ್ಚಿಕೊಂಡು ಹೋದಳು.

ಕಾರ್ಲ್‌ಟನ್ನಿನ ಪುಟ್ಟ ಹಾಲ್‌ನಲ್ಲಿ ಅವನು ಕಾಫಿ ಕುಡಿಯುತ್ತ ಸದಾ ಹೇಳುತ್ತಿದ್ದ ಫಿಲ್ಮ್ ಸೊಸೈಟಿಯ ಭಾನುವಾರದ ಶೋ ಆಗಷ್ಟೇ ಮುಗಿದಿತ್ತು. ಜನ ಹೋಗಿದ್ದರು. ತ್ರಿವಿಕ್ರಮ ಒಬ್ಬನೇ ಕುರ್ಚಿ ಮಡಚುತ್ತಿದ್ದ.

"ನನ್ನ ಕ್ಯಾಸೆಟ್ ಕೊಡಿ."

ಅವನ ಕೈಯಿಂದ ಕುರ್ಚಿ ಜಾರಿತು. "ಸುಪ್ರೀತಾ...!"

"ಹೆಸರು ಕರೀಬೇಡಿ. ಅಸಹ್ಯ ಆಗ್ತದೆ. ಪ್ರಶಸ್ತಿ ಸಿಗದವರ ಪಿಕ್ಚರ್ ತೋರಿಸಿ ಭಾಷಣ ಮಾಡ್ತೀರಿ. ಕಣ್ಣೆದುರು ಒಬ್ಬಳು ನಿಂತ್ರೆ ಎದ್ದು ಹೋಗ್ತೀರಿ. ಅಷ್ಟು ಕೆಟ್ಟದಾಗಿತ್ತಾ ನನ್ನ ನಾಟಕ?"

"ನಾನು ಕೂತಿದ್ರೆ ಫಸ್ಟ್ ಪ್ರೈಜ್ ನಿಮಗೇ ಬರ್ತಿತ್ತು."

"ನೋಡದೇ ಹೇಗೆ ಗೊತ್ತು?"

"ನೋಡಿದೆ ರೀ! ಕಿಚನ್‌ಗೆ ಹೋಗಿ, ಹಾಲ್‌ಗೆ ಊಟ ಬಡಿಸೋ ಕಿಟಕಿಯಿಂದ ಇಣುಕಿ, ಪೂರ್ತಿ ನೋಡ್ದೆ." ಅವನ ದನಿ ಇಳಿಯಿತು. "ಬೇರೆಯವರ ಹೆಸರು ಕೂಗಿದಾಗ ಆ ನಟಿ ಅರ್ಧ ಎದ್ದು, ಗೌನ್ ಸರಿಮಾಡ್ಕೊಂಡ ಹಾಗೆ ಮತ್ತೆ ಕೂತು ಚಪ್ಪಾಳೆ ತಟ್ತಾಳಲ್ಲ... ಅಲ್ಲಿ ನಾನು ಅತ್ತುಬಿಟ್ಟೆ. ಆಮೇಲೆ ನಿಜವಾಗಿ ನೀವೇ ಹಾಗೆ ಎದ್ದು ಕೂತಾಗ, ನನ್ನ ಮೇಲೆ ನನಗೇ ಹೇಸಿಗೆಯಾಯ್ತು."

ಸುಪ್ರೀತಾ ಒಂದು ಹೆಜ್ಜೆ ಮುಂದೆ ಬಂದಳು. "ಮತ್ತೆ ಎದ್ದದ್ದು ಯಾಕೆ?"

"ಬದರಿನಾಥ ಅಂಕಲ್ ರೂಲ್ ಹೇಳಿರ್ಲಿಲ್ವಾ?"

"ಅದು ಮನೆಯವರು ಆಡುವಾಗ..."

ಮಾತು ಅರ್ಧದಲ್ಲೇ ನಿಂತಿತು.

"ಹೌದು," ಎಂದ ತ್ರಿವಿಕ್ರಮ. "ನಿಮ್ಮನ್ನ ಕೇಳದೇನೇ ಮನಸ್ಸಲ್ಲೇ ನಮ್ಮನೆಯವರನ್ನಾಗಿ ಮಾಡ್ಕೊಂಡ್ಬಿಟ್ಟಿದ್ದೆ. ನಿಮಗೆ ಮಾರ್ಕ್ಸ್ ಹಾಕೋಕೆ ಕೈ ಬರ್ಲಿಲ್ಲ. ಮೊದಲು ನಿಮಗೆ ಹೇಳ್ಬೇಕಿತ್ತು. ನನ್ನದು ತಪ್ಪು."

ತಿಂಗಳುಗಟ್ಟಲೆ ಕಹಿಯಾಗಿ ಕೂತಿದ್ದ ಅಸಹ್ಯ ಅವಳ ಕಣ್ಣಲ್ಲಿ ನೀರಾಗಿ ಹರಿಯಿತು.

"ಇಷ್ಟು ಹೇಳಲಿಕ್ಕೆ ಎಂತ ಧಾಡಿ ನಿಮಗೆ?"

"ಫೋನ್ ಇಟ್ಬಿಡ್ತಿದ್ರಲ್ಲ!"

ಅವಳು ಅಳುತ್ತಲೇ ನಕ್ಕಳು. ಅವನು ಚೀಲದಿಂದ ಅವಳ ಕ್ಯಾಸೆಟ್ ತೆಗೆದು ಚಾಚಿದ. ಅವಳು ಕ್ಯಾಸೆಟ್ ಬಿಟ್ಟು ಅವನ ಕೈ ಹಿಡಿದಳು.

"ಮುಂದಿನ ಯುಗಾದಿಗೆ ಮತ್ತೆ ನಾಟಕ ಮಾಡ್ತೇನೆ," ಎಂದಳು.

"ನನ್ನನ್ನೇ ಜಡ್ಜ್ ಅಂತ ಕರೆದ್ರೆ?"

"ಎದ್ದು ಕಿಚನ್‌ಗೆ ಹೋಗಿ," ಎಂದಳು ಸುಪ್ರೀತಾ, ಕೈ ಬಿಡದೆ. "ರೂಲ್ ಅಂದ್ರೆ ರೂಲ್."